ತಾರೀಖು ಹಾಕಿದ ಬೆಟ್ಟ

ಸುಂಟಿಕೊಪ್ಪದ ನನ್ನ ಅಂಗಡಿಗೆ
ಕಟ್ಟು ಹಾಕಿಸಲು ಬರುವವರು ಹೆಚ್ಚಾಗಿ ಸತ್ತವರೇ.
ಮೀಸೆ, ಪದಕ, ಕೋವಿ,
ಹಾಕಿ ಟೀಮಿನ ಎರಡನೇ ಸಾಲಿನಲ್ಲಿ ನಗುವ ಒಬ್ಬ.
ಬೆಟ್ಟಕ್ಕೆ ಯಾರು ಕಟ್ಟು ಹಾಕಿಸುತ್ತಾರೆ ಇಲ್ಲಿ?
ಬಾಗಿಲು ತೆರೆದರೆ ನಿಂತಿರುತ್ತದೆ, ಪುಕ್ಕಟೆ.

ಡಾಕ್ಟರ್ ಚೋಂದಮ್ಮ ಮಾತ್ರ ತರುತ್ತಾರೆ,
ಹಳೆಯ ರೇನ್‌ಕೋಟಿನಲ್ಲಿ, ಮೀನು ಸುತ್ತಿದ ಹಾಗೆ.
ಮೂವತ್ತೊಂದು ವರ್ಷ ಕಾಂಡಕೊರಕದ ಹಿಂದೆ ಬಿದ್ದವರು.
ನೆರಳು ಬಿಡಿ, ಮರ ಕಡಿಯಬೇಡಿ,
ಬಿಸಿಲು ಬಿದ್ದಲ್ಲೇ ಆ ದುಂಬಿ ಮೊಟ್ಟೆ ಇಡುವುದು ಎಂದು
ತೋಟ ತೋಟದಲ್ಲೂ ಗಂಟಲು ಹರಿದುಕೊಂಡವರು.
ಈಗ ಮಡಿಸುವ ಕುರ್ಚಿ ಹಾಕಿಕೊಂಡು
ಅದೇ ಬಿಸಿಲಿಗೆ ಬೆಳಗಿನಿಂದ ಕಾಯುತ್ತಾರೆ.

ಮಂಜು ಇದ್ದಲ್ಲಿ ಹಾಳೆ ಖಾಲಿ.
"ಅರ್ಧಕ್ಕೇ ನಿಲ್ಲಿಸಿದ್ರಾ ಮೇಡಂ?" ಅಂದೆ ಮೊದಲ ಸಲ.
"ಕಾಣಲಿಲ್ಲ" ಅಂದರು. ಅಷ್ಟೆ.
ಹಿಂಬದಿಯಲ್ಲಿ ಪೆನ್ಸಿಲ್ಲಿನ ಸಣ್ಣಕ್ಷರ:
ನವೆಂಬರ್ ಒಂಬತ್ತು, ಹತ್ತೂ ನಲವತ್ತು, ಗಾಳಿ ಮೂಡಣದಿಂದ,
ಮೂರು ಸಲ ಬೆರೆಸಿದೆ, ಹಸಿರು ಸರಿಯಿಲ್ಲ.
ಬೆನ್ನಿಗೆ ಕಂದು ಕಾಗದ ಅಂಟಿಸುವಾಗ
ಅಷ್ಟು ಜಾಗಕ್ಕೆ ಕಿಟಕಿ ಕೊಯ್ದು ಬಿಡುತ್ತೇನೆ.

ಕಳೆದ ತಿಂಗಳು ಮೊಣ್ಣಪ್ಪ ಬಂದರು,
ಅವರಜ್ಜನ ಗಾಜು ಒಡೆದಿತ್ತು.
ಗೋಡೆಗೆ ಒರಗಿಸಿದ ಚಿತ್ರದೆದುರು ನಿಂತರು. ನಿಂತೇ ಇದ್ದರು.
ಕಾಫಿಯ ಇಳಿಜಾರು, ಸಿಲ್ವರ್ ಓಕು, ಮೇಲೆ ಕಾಣದ ಬೆಟ್ಟ.
"ಇದು ನಮ್ಮ ಮೇಲಿನ ಪಟ್ಟಿಯಲ್ವಾ?"
ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಾಗಿ
ಬೆರಳಲ್ಲಿ ಎಣಿಸಿದರು: ಮೂರನೇ ಓಕಿನಿಂದ ಕೆಳಗೆ ಏಳು ಗಿಡ.
ಅಷ್ಟು ಹಸಿರಿನ ನಡುವೆ ಅಕ್ಕಿಕಾಳಿನಷ್ಟು ಹಳದಿ.

ನಾನು ಅದನ್ನು ಬಿಸಿಲು ಎಂದುಕೊಂಡಿದ್ದೆ.

ಅಜ್ಜನನ್ನೂ ಮರೆತು ಹೊರಟರು.
ಮರುದಿನ ನನ್ನ ಮೇಜಿನ ಮೇಲೆ ಮೊಳದುದ್ದದ ಕಾಂಡ,
ಸೀಳಿದ್ದು. ಒಳಗೆ ಹುಡಿ ತುಂಬಿದ ಓಣಿ,
ಓಣಿಯ ಕೊನೆಗೆ ಬೆಳ್ಳಗಿನ ಹುಳು, ಇನ್ನೂ ತಿನ್ನುತ್ತ.
"ಚಿತ್ರ ನನಗೇ ಬೇಕು. ಆ ಹಳದಿ ಮಾತ್ರ ಅಳಿಸಿಕೊಡಲಿ.
ಆ ಗಿಡ ಈಗಿಲ್ಲ, ಉಳಿದದ್ದು ಸುಟ್ಟೆ."

ಫೋನಿನಲ್ಲಿ ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದರು.
ಕಾಂಡದಲ್ಲಿ ಏಣು ಎದ್ದಿತ್ತಾ ಕೇಳು, ಎಷ್ಟು ಹುಳು ಕೇಳು,
ಅಕ್ಕಪಕ್ಕದ ಗಿಡ ನೋಡಿದರಾ ಕೇಳು.
ಆಮೇಲೆ,
"ಅಳಿಸೋಲ್ಲ ಅನ್ನು. ಹಿಂದೆ ತಾರೀಖು ಇದೆಯಲ್ಲ."

ಈಗ ಅವರ ಕೈಸಾಲೆಯಲ್ಲಿ ಅಜ್ಜನ ಪಕ್ಕಕ್ಕೇ ತೂಗಿದೆ,
ಮೊಳೆ ನಾನೇ ಹೊಡೆದೆ.
ನೆಂಟರು ಬಂದರೆ ಮೊಣ್ಣಪ್ಪ ಅದನ್ನು ಕೆಳಗಿಳಿಸಿ
ಮೊದಲು ಬೆನ್ನು ತೋರಿಸುತ್ತಾರೆ,
ಆಮೇಲೆ ಬೆಟ್ಟ.