ಅರ್ಧ ಮಿಲಿಮೀಟರ್

ಹಗಲು ಹಲ್ಲು ಕಟ್ಟುತ್ತೇನೆ, ಅರಸೀಕೆರೆಯಲ್ಲಿ.
ರಾತ್ರಿ, ಅದೇ ಪ್ಲಾಸ್ಟರು, ಅದೇ ಚಿಮಟ,
ಊರಿನ ಹಳೇ ಜಂಕ್ಷನ್ನು.
ಮೀಟರ್ ಗೇಜ್ ಕಾಲದ್ದು, ಎಂಬತ್ತೇಳಕ್ಕೆ ಒಂದು.

ಎಂಬತ್ತೇಳಕ್ಕೆ ಒಂದು ಅಂದರೆ
ತೆಂಗಿನಕಾಯಿಗೆ ಸಾಸಿವೆ.
ಒಂದೊಂದೇ ಅಂಟಿಸಿ ಗೂಡ್ಸ್ ಶೆಡ್ಡಿನ ಮುಂದೆ ರಾಶಿ ಹಾಕಿದೆ.
ಮಾರನೇ ದಿನ ಒಗ್ಗರಣೆ ಸೌಟು ಹಿಡಿದುಕೊಂಡೇ
ಮನೆಯಾಕೆ ಕೇಳಿದಳು,
‘ಲೋಡು ಎಲ್ಲಿಗೆ ಹೋಯ್ತು, ದಿಲ್ಲಿಗಾ?’

ಪೆಟ್ಟಿಗೆಯಲ್ಲಿ ಬಂದ ಜರ್ಮನ್ ಜನ
ಎತ್ತರದಲ್ಲಿ ಸರಿ, ಉಡುಪಿನಲ್ಲಿ ತಪ್ಪು.
ಓವರ್‌ಕೋಟು ಕೆರೆದು ಪಂಚೆ ಮಾಡಿದೆ.
ಟೋಪಿ ಕತ್ತರಿಸಿದರೆ ತಲೆಯೂ ಹೋಗುತ್ತದೆ,
ಹಾಗಾಗಿ ಇಬ್ಬರಿಗೆ ಮುಂಡಾಸು.
ಒಬ್ಬಾಕೆಯ ಕೈಯ ಸೂಟ್‌ಕೇಸು ಬಿಡಿಸಲಾಗಲಿಲ್ಲ,
ಹಾಸನದ ಗಾಡಿಗೆ ಕಾಯುವ ನರ್ಸಮ್ಮ ಅಂದುಕೊಂಡೆ.
ಆಟಿಕೆ ಅಂಗಡಿಯ ಹಸು ಮಾತ್ರ ಲೆಕ್ಕಕ್ಕೆ ಬಗ್ಗಲಿಲ್ಲ:
ಸ್ಟೇಷನ್ ಮಾಸ್ಟರ ಬಾಗಿಲಲ್ಲಿ
ಆನೆಯಾಗಿ ನಿಂತಿತು. ತೆಗೆದೆ.

ಹಿರೇಕಲ್ ಗುಡ್ಡವನ್ನು ಅಳತೆಗೆ ಎಬ್ಬಿಸಿದರೆ
ಸೂರು ಒಡೆಯಬೇಕು.
ಗೋಡೆಗೆ ಬೂದುನೀಲಿ ಬಳಿದು ಸುಳ್ಳು ಹೇಳಿದೆ.
ಗುಡ್ಡದ ಸುಳ್ಳನ್ನು ಯಾರೂ ಕೇಳುವುದಿಲ್ಲ.

ಹಳಿಯದನ್ನು ಕೇಳಿದರು
ರಿಟೈರಾದ ಕೀಮ್ಯಾನ್ ಕರಿಸಿದ್ದಯ್ಯ.
ಕೆಳದವಡೆಯ ಸೆಟ್ಟು ಸಡಿಲ ಅಂತ ಬಂದವರು
ಒಳಕೋಣೆಯ ಮೇಜಿಗೆ ಕೆನ್ನೆ ಹಚ್ಚಿ
ಒಂದು ಕಣ್ಣು ಮುಚ್ಚಿದರು.
ಸಾಸಿವೆ ನೋಡಲಿಲ್ಲ, ನರ್ಸಮ್ಮನನ್ನು ನೋಡಲಿಲ್ಲ,
ಅಷ್ಟು ಕಷ್ಟಪಟ್ಟ ಕೈಮರವನ್ನೂ ನೋಡಲಿಲ್ಲ.
‘ಗೇಜು ಬಿಚ್ಕೊಂಡೈತೆ’ ಅಂದರು.

ಲೆಕ್ಕ ಒಪ್ಪಿಸಿದೆ.
ಬೇಕಾದದ್ದು ಹನ್ನೊಂದೂವರೆ, ಸಿಗುವ ಹಳಿ ಹನ್ನೆರಡು,
ಚಕ್ರವೂ ಹನ್ನೆರಡರದ್ದೇ.
ತಪ್ಪಿನ ಮೇಲೆ ತಪ್ಪು ಸರಿಯಾಗಿ ಕೂತು
ಒಂದು ವರ್ಷದಿಂದ ಗಾಡಿ ಬಿದ್ದಿಲ್ಲ.
ಬರೀ ಅರ್ಧ ಮಿಲಿಮೀಟರ್, ಅಯ್ಯ.
‘ದಿಟದ ಹಳಿಯಾಗೆ ಎಷ್ಟು?’
ಎರಡೂವರೆ ಬೆರಳು.
‘ನನ್ ಬೀಟ್‌ನಾಗೆ ಎರಡೂವರೆ ಬೆರಳು ಸರಿದಿದ್ರೆ...’
ಸೆಟ್ಟನ್ನು ಬಾಯಿಗೆ ಹಾಕಿಕೊಂಡರು.
ಮಾತು ಅಲ್ಲಿಗೇ ನಿಂತಿತು.

ನಾನೂ ಹಲ್ಲು ಕಟ್ಟುವವನು.
ಅರ್ಧ ಮಿಲಿಮೀಟರ್ ಎತ್ತರವಾದರೆ
ಮುದ್ದೆ ನುಂಗುವವನೂ ವಾಪಸ್ ಬರುತ್ತಾನೆ, ಗೊತ್ತು.

ಅವರನ್ನೇ ಒಂದು ಗೊಂಬೆ ಮಾಡೋಣವೆಂದು
ಗೋಡೆಗೆ ನಿಲ್ಲಿಸಿ ಅಳೆದೆ: ಐದಡಿ ನಾಲ್ಕಂಗುಲ.
‘ಸೇರುವಾಗ ಐದೂ ಆರು. ಸರ್ವೀಸ್ ಬುಕ್ಕಲ್ಲಿ ಬರೆದವ್ರೆ.’
ಕಳೆದ ಎರಡಂಗುಲವನ್ನು ಎಂಬತ್ತೇಳರಿಂದ ಭಾಗಿಸಿದೆ.
ಮತ್ತೆ ಅದೇ. ಅರ್ಧ, ಮೇಲೆ ಚೂರು ಚಿಲ್ಲರೆ.
ಯಾವ ಕರಿಸಿದ್ದಯ್ಯನನ್ನು ಮಾಡಲಿ?
ಒಸಡಿನ ಗುಲಾಬಿ ಅಕ್ರಿಲಿಕ್ಕಿನಲ್ಲಿ
ಎತ್ತರದವರನ್ನೇ ಕೆತ್ತಿದೆ,
ಪೊರಕೆ ಕಡ್ಡಿ ಸೀಳಿ ಹೆಗಲಿಗೊಂದು ಸುತ್ತಿಗೆ.

ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿ ಹೇಳಿದರು:
‘ಇವನ್ನ ಈಗ್ಲೇ ನಿಲ್ಲಿಸ್ಬೇಡ.
ಈ ಹಳಿ ಕಂಡ್ರೆ ಕೆಂಪು ಬಾವುಟ ಹಿಡೀತಾನೆ,
ನಿನ್ ಗಾಡಿ ಹೋಗಾಕಿಲ್ಲ.’

ಈಗ ಹಳಿ ಕಿತ್ತು ಹೊಸದಾಗಿ ಬೆಸೆಯುತ್ತಿದ್ದೇನೆ.
ಚಕ್ರಗಳನ್ನೂ ಒಂದೊಂದಾಗಿ ಒತ್ತಿ ಕೂರಿಸಬೇಕು.
ಇಷ್ಟರವರೆಗೆ ಒಂದು ಗೇಣು ಆಗಿದೆ.
ಬುಧವಾರ ಬುಧವಾರ ಬರುತ್ತಾರೆ, ಕೆನ್ನೆ ಹಚ್ಚುತ್ತಾರೆ,
‘ಇನ್ನೊಂದು ಕೂದಲೆಳೆ’ ಅನ್ನುತ್ತಾರೆ.
ಸೆಟ್ಟು ಇನ್ನೂ ಸಡಿಲವೇ.
ಅದರ ಮಾತೇ ಎತ್ತುವುದಿಲ್ಲ.

ಬಣ್ಣ ಹಚ್ಚದ ಕೀಮ್ಯಾನು
ಸಾಸಿವೆ ಡಬ್ಬಿಯಲ್ಲಿದ್ದಾನೆ,
ಕತ್ತಿನವರೆಗೆ ತೆಂಗಿನಕಾಯಿ.