ಮೂರು ಬದಿ

ಸೊಸೈಟಿಯಿಂದ ಸಿಕ್ಕಿದ್ದು ನಲವತ್ತು ಮೀಟರು ಜಾಲರಿ,
ಒಂದಿಂಚೂ ಹೆಚ್ಚಿಲ್ಲ.
ಸುರುಳಿಯ ಮೇಲೆ ಕೂತು ದೇಚವ್ವ ಕೇಳಿದರು:
"ಗಣಿತದ ಮೇಷ್ಟ್ರಲ್ಲವಾ, ಹೇಳಿ,
ಇದರೊಳಗೆ ಎಷ್ಟು ಗೆಣಸು ಹಿಡಿಯುತ್ತೆ?"

ಬಾಳೆಲೆಗೆ ಬಂದು ಮೂರು ತಿಂಗಳು,
ಹಂದಿಯ ಗೊರಸಿನ ಗುರುತೂ ಗೊತ್ತಿರದ ನಾನು
ಅಕ್ಕಿ ಕೇರುವ ಮೊರ ಪಕ್ಕಕ್ಕೆ ಸರಿಸಿ
ಅಂಗಳದಲ್ಲಿ ಕಡ್ಡಿಯಿಂದ ಗೀಚಿದೆ:
ಹತ್ತೊಂಬತ್ತು ಉದ್ದ, ಒಂದು ಅಗಲ,
ಬರೀ ಹತ್ತೊಂಬತ್ತು, ಕೋಳಿ ತಿರುಗಲೂ ಸಾಲದು.
ಹದಿನೈದು, ಐದು: ಎಪ್ಪತ್ತೈದು.
ಹನ್ನೆರಡು, ಎಂಟು: ತೊಂಬತ್ತಾರು.
ಅದೇ ತಂತಿ, ಅದೇ ಸುತ್ತಳತೆ,
ಒಳಗಿನ ಮಣ್ಣು ಮಾತ್ರ ಉಬ್ಬುತ್ತಾ ಹೋಗಿ
ಹತ್ತಕ್ಕೆ ಹತ್ತರಲ್ಲಿ ನಿಂತಿತು.
"ನೂರು. ಇದಕ್ಕಿಂತ ಜಾಸ್ತಿ ಆಗದು" ಎಂದೆ,
ಪರೀಕ್ಷೆ ಪಾಸಾದವನ ಹಾಗೆ.

ಅವರು ಎದ್ದರು. ಮಾತಿಲ್ಲ.
ಕಾಫಿ ಗಿಡಗಳ ನಡುವೆ ಕರೆದೊಯ್ದು ನಿಲ್ಲಿಸಿದರು
ಕಡಂಗದ ಅಂಚಿಗೆ.
ಯಾರ ಕಾಲದ ಯುದ್ಧಕ್ಕೋ ತೋಡಿದ ಕಂದಕ,
ಎರಡಾಳು ಆಳ, ಜರಿಗಿಡ, ತಂಪು.
"ಇಲ್ಲಿಗೂ ತಂತಿ ಬೇಕಾ, ಮೇಷ್ಟ್ರೆ?"

ಕಡ್ಡಿ ಅಂಗಳದಲ್ಲೇ ಬಿಟ್ಟಿದ್ದೆ. ಬೆರಳಲ್ಲೇ ಎಣಿಸಿದೆ:
ಹತ್ತು, ಇಪ್ಪತ್ತು, ಹತ್ತು.
ಇನ್ನೂರು.
ನಾಲ್ಕನೆಯ ಬದಿಯನ್ನು
ಹೆಸರಿಲ್ಲದ ಗುದ್ದಲಿಗಳು ಎಂದೋ ಅಗೆದಿಟ್ಟಿದ್ದವು;
ನಾನು ಪುಸ್ತಕದ ಆಯತಕ್ಕೆ
ಸುಮ್ಮನೆ ಬೇಲಿ ಸುತ್ತುತ್ತಿದ್ದೆ.

ಗೇಟಿಗೆ ಹಳೇ ಮಂಚದ ಚೌಕಟ್ಟು ಸಿಕ್ಕಿತು.
ಪುತ್ತರಿಗೆ ಗೆಣಸು ಕಿತ್ತೆವು.
ಕಾಡುಹಂದಿ ಬಂದಿರಲಿಲ್ಲ.
ಮೂಲೆಯ ಒಂದು ಸಾಲು ಮಾತ್ರ ಖಾಲಿ,
ಕಡಂಗದ ಗೋಡೆಯಲ್ಲೊಂದು ಬಿಲ,
ಬಿಲದ ಬಾಯಲ್ಲಿ ಕಪ್ಪು ಬಿಳುಪಿನ
ಮುಳ್ಳುಹಂದಿಯ ಮುಳ್ಳು.
ದೇಚವ್ವ ಅದನ್ನೆತ್ತಿ ನನ್ನ ಜೇಬಿಗೆ ಸಿಕ್ಕಿಸಿದರು:
"ಇದನ್ನೂ ಕಳೆಯಿರಿ, ಲೆಕ್ಕದಲ್ಲಿ."