ಒಳಗ ಬಿಟ್ಟ ಬಟ್ಟಿ

ಕ್ಯಾಂಪಿನ ಈ ಅಂಗಡಿಯೊಳಗ ಮೂವತ್ತೊಂದು ವರ್ಷ
ನಾ ಅಳದದ್ದು ಎದಿ, ಸೊಂಟ, ತೋಳು.
ದೇಶ ಎಷ್ಟಗಲ ಐತಿ ಅಂತ ಯಾರೂ ಕೇಳಲಿಲ್ಲ,
ಕೇಳಿದ್ರ ಹೇಳತಿದ್ದೆ,
ಮೂವತ್ತೊಂದು ಇಂಚಿನಿಂದ ಶುರು,
ಉಸಿರು ಹಿಡದರ ಮೂವತ್ತಮೂರು.

ಅಪ್ಪ ಕಲಿಸಿದ್ದು ಒಂದ ಮಾತು.
ಹುಡುಗ ಹದಿನೆಂಟಕ್ಕ ಬಂದಾನ, ಇನ್ನೂ ಬೆಳೀತಾನ,
ಸುಬೇದಾರ ಆಗೂ ಹೊತ್ತಿಗೆ ಹೊಟ್ಟಿ ಬರತೈತಿ,
ಹೊಲಿಗಿಯೊಳಗ ಎರಡ ಬೆರಳ ಬಟ್ಟಿ ಬಿಡು.
ಹಂಗ ಬಿಟ್ಟದ್ದು ಬಿಚ್ಚಿ ಬಿಚ್ಚಿ
ಒಬ್ಬೊಬ್ಬನ ಹದಿನೇಳು ವರ್ಷ ನೋಡೇನಿ.
ಘೋರ್ಪಡೆ ಹವಾಲ್ದಾರ, ಜತ್ತದ ಕಡಿಯಾಂವ,
ಬಡತಿಗೊಮ್ಮೆ ಅರ್ಧ ಇಂಚು ಕೇಳತಿದ್ದ,
ಕೂಲಿ ಮಾತ್ರ ಹಳೇ ದರಾ ಕೊಡತಿದ್ದ.

ಈಗ ಡಿಪೋದಿಂದ ಹೊಲದ ಬರತೈತಿ.
ಹೊಸ ನಮೂನಿ, ಎಲ್ಲಿಯದೋ ಟೆಂಡರು,
ಕಡಿಮಿ ದರಾ ಬರದಾಂವ ಯಾರೋ.
ಹೊರಗಿನ ದರ್ಜಿ ಹೊಲಿಯೂಹಂಗಿಲ್ಲ,
ನನ್ನ ಕತ್ತರಿಗೆ ಉಳದದ್ದು ಆಲ್ಟರೇಶನ್ ಒಂದ.
ಖರೇ ಮಾತ ಅದು, ನಂಗೂ ತಿಳೀತೈತಿ,
ಕಂಡಕಂಡವರು ಆ ಅಂಗಿ ತೊಟ್ಟು ತಿರಗಬಾರದು.
ಆದರ ಮೊನ್ನೆ ಒಂದು ಪ್ಯಾಂಟು ಬಿಚ್ಚಿದೆ,
ಒಳಗ ಬಟ್ಟಿನ ಇಲ್ಲ.
ಲಕ್ಷ ಪ್ಯಾಂಟಿಗೆ ಎರಡೆರಡು ಬೆರಳು ಉಳಿಸಿದರ ಎಷ್ಟಾತು
ಅಂತ ಯಾರೋ ಲೆಕ್ಕಾ ಹಾಕಿರಬೇಕು.
ಹುಡುಗೂರೂ ನಾಕ ವರ್ಷಕ್ಕ ಬರತಾರ,
ನಾಕ ವರ್ಷದಾಗ ಯಾರಿಗೆ ಹೊಟ್ಟಿ ಬರತೈತಿ?

ಉದ್ಯಮಬಾಗದಾಗ ತಂಗಿ ಮಗ ಜ್ಯೋತಿಬಾ, ಎರಡನೇ ಪಾಳಿ.
ಹೆಬ್ಬೆರಳಿನಷ್ಟ ಒಂದು ಪಿನ್ನು ಮಾಡತಾನ,
ತೋಪಿಂದೋ ಟ್ರಕ್ಕಿಂದೋ, ಡ್ರಾಯಿಂಗ್ ಹೇಳೂದಿಲ್ಲ,
ಬರೇ ಒಂದು ನಂಬರು.
ಪರದೇಶದ ಪಿನ್ನು ಬರೂದು ನಿಂತ ವರ್ಷ
ಆರ್ಡರು ಇವರ ಕೈಗೆ ಬಂತು,
ಮಾಲಕ ಸಾಲಾ ಮಾಡಿ ಎರಡು ಮಷೀನು ತಂದ,
ಬಿಲ್ಲು ಪಾಸಾಗಾಕ ಹನ್ನೊಂದು ತಿಂಗಳು.
"ಮಾಮಾ, ಕೂದಲೆಳಿ ಹೆಚ್ಚಾದರ ರಿಜೆಕ್ಟು" ಅಂತಾನ.
ನಮ್ಮ ಕಸಬಿನ್ಯಾಗ ಹೆಚ್ಚು ಬಿಟ್ಟಾಂವನ ಶಾಣ್ಯಾ, ಅಂದೆ.
ನಕ್ಕ. ಉಗುರಿನ್ಯಾಗ ಎಣ್ಣಿ.

ಮಳಿ ನಿಂತ ಮ್ಯಾಲೆ ಹೊರದೇಶದ ಸೈನಿಕರು ಬಂದ್ರು,
ಹದಿನಾಲ್ಕು ದಿವಸ ನಮ್ಮವರ ಜೋಡಿ ಕಾಡಿನ್ಯಾಗ ಕಸರತ್ತು.
ಯಾವ ಕರಾರೋ, ಯಾರ ಮ್ಯಾಲಿನ ಸಿಟ್ಟಿಗೋ,
ದಿಲ್ಲಿಯವರಿಗೆ ಗೊತ್ತು.
ಅವರಾಗ ಒಬ್ಬಾಂವ, ಹೆಸರು ನನ್ನ ನಾಲಗಿಗೆ ಹೊರಳಲಿಲ್ಲ,
ಕವಳಿಮುಳ್ಳಿಗೆ ಹರದ ಮೊಣಕಾಲು ಹಿಡಕೊಂಡು ಬಂದ.
ದಾರಿ ತೋರಸಾಕ ನಮ್ಮ ಸಿದ್ರಾಯ, ಯರಗಟ್ಟಿ ಹುಡುಗ.
ಒಬ್ಬರ ಮಾತು ಒಬ್ಬರಿಗೆ ಬರೂದಿಲ್ಲ,
ಒಂದ ಸ್ಟೂಲಿನ ಮ್ಯಾಲೆ ಕುಂತು
ಒಂದು ಡಬ್ಬಿ ಕುಂದಾ ಮುಗಿಸಿದ್ರು.
ನಾ ಪ್ಯಾಂಟು ತಿರುವಿ ನೋಡಿದೆ.
ಆ ದೇಶದವರು ಎರಡ ಬೆರಳು ಬಿಟ್ಟಿದ್ರು!
ಹೇಳಬೇಕನಿಸಿತು. ಯಾರಿಗೆ?
ತ್ಯಾಪಿ ಹಾಕಿ ಕೊಟ್ಟೆ.

ಈ ಶ್ರಾವಣದಾಗ ಸಿದ್ರಾಯ ಟ್ರಂಕಿನ ಜೋಡಿ ಬಂದ.
ನಾಕರಾಗ ಒಬ್ಬನ್ನ ಇಟಗೊಂಡ್ರು,
ಇಂವ ಉಳದ ಮೂವರೊಳಗಿನಾಂವ.
ರೊಕ್ಕದ ಗಂಟು ಐತಿ, ಸರ್ಟಿಫಿಕೇಟು ಐತಿ,
ಇಪ್ಪತ್ತೆರಡು ವಯಸ್ಸು ಐತಿ,
ಮುಂಜಾನಿ ನಾಕಕ್ಕ ಎಚ್ಚರಾಗೂ ಚಟಾ ಐತಿ.
"ಕಾಕಾ, ಸಕ್ಕರಿ ಕಾರ್ಖಾನಿ ಗೇಟಿಗೆ ಕರದಾರ,
ಪೊಲೀಸ ಭರತಿಗೂ ಅರ್ಜಿ ಹಾಕೇನಿ" ಅಂದ.
ನಾ ಏನೂ ಕೇಳಿರಲಿಲ್ಲ.

ಎದಿಮ್ಯಾಲಿನ ಹೆಸರಿನ ಪಟ್ಟಿ ಬಿಚ್ಚಿಕೊಡು ಅಂದ,
ಪಟ್ಟಿ ಅವ್ವನ ಹತ್ರ ಇಡಾಕ,
ಅಂಗಿ ಮನ್ಯಾಗ ಹಾಕ್ಕೊಳ್ಳಾಕ.
ಬ್ಲೇಡು ಹಿಡದು ಒಂದೊಂದ ದಾರ ಕೊಯ್ದೆ.
ಅಂಗಿ ಪೂರಾ ಬಿಸಲಿಗೆ ಬೆಳ್ಳಗಾಗಿತ್ತು,
ಪಟ್ಟಿ ಇದ್ದಷ್ಟ ಜಾಗಾ, ಉದ್ದ ಐದು ಇಂಚು, ಅಗಲ ಒಂದು,
ಡಿಪೋದಿಂದ ಬಂದ ದಿವಸಿನ ಹಸರು.
ಇಬ್ಬರೂ ನೋಡಿದ್ವಿ.

ಎಷ್ಟು ಅಂದ. ಹತ್ತು ಅಂದೆ.
ಚಿಲ್ಲರ ಇಲ್ಲ ಅಂದ. ಇರಲಿ ಅಂದೆ.
ಹೊರಗ ಹೊಸ ತಂಡ ರಸ್ತೆ ಹಿಡದು ಹೊಂಟಿತ್ತು,
ಎಡ, ಬಲ, ಬೂಟಿನ ಸಪ್ಪಳ.
ಸ್ಟೂಲಿನ ಮ್ಯಾಲೆ ಕುಂತಾಂವ ಕುಂತಂಗನ,
ಚಪ್ಪಲ್ ಹಾಕಿದ ಅವನ ಕಾಲು
ತಾಳಾ ಹಿಡದಿದ್ವು.